ತವರಿಗೊಂದು ಓಟು

‘ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ’ ಎಂದು ನಮ್ಮಲ್ಲಿ ಹೇಳುತ್ತಾರಷ್ಟೆ. ಈ ಗಾದೆಯನ್ನು ಕೇಳಿಯೇ ಇರದ ಯೂರೋಪಿನ ಜನ ಇದೇ ವಿಷಯಕ್ಕೆ ಸುಮಾರು ಎಪ್ಪತ್ತು ವರ್ಷಗಳಿಂದ ಜಗಳವಾಡುತ್ತ ಬಂದಿದ್ದಾರೆ. ಅವರ ಜಗಳ ಪಾಯಸದ ಸೌಟಿಗಾಗಿ ಅಲ್ಲ, ಹಾಡಿನ ಅಂಕಕ್ಕಾಗಿ.

ಯೂರೋವಿಷನ್ ಹಾಡಿನ ಸ್ಪರ್ಧೆ ಎಂದು ಅದರ ಹೆಸರು. ಎರಡನೆಯ ಮಹಾಯುದ್ಧ ಮುಗಿದು ಹನ್ನೊಂದು ವರ್ಷವಾಗಿದ್ದಾಗ, 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೋ ಎಂಬ ಊರಿನಲ್ಲಿ ಏಳು ದೇಶಗಳು ಸೇರಿ ಶುರುಮಾಡಿದ್ದು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಒಂದು ವರ್ಷ ನಿಂತದ್ದು ಬಿಟ್ಟರೆ ತಪ್ಪದೆ ನಡೆದು ಬಂದಿದೆ. ಒಂದು ದೇಶದ ಟೆಲಿವಿಷನ್ ಸಂಸ್ಥೆ ಒಂದು ಹಾಡು ಕಳಿಸಬೇಕು. ಹಾಡು ಮೂರು ನಿಮಿಷ ಮೀರಬಾರದು. ಎಲ್ಲರೂ ಹಾಡಿ ಮುಗಿಸಿದ ಮೇಲೆ ಪ್ರತಿ ದೇಶವೂ ಬೇರೆ ದೇಶಗಳ ಹಾಡಿಗೆ ಅಂಕ ಕೊಡಬೇಕು, ತನ್ನ ಹಾಡಿಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. 1975ರಿಂದ ಬಂದ ಪದ್ಧತಿಯಂತೆ ಎಲ್ಲಕ್ಕಿಂತ ಮೆಚ್ಚಿದ ಹಾಡಿಗೆ 12, ಅದರ ನಂತರದ್ದಕ್ಕೆ 10, ಆಮೇಲೆ 8ರಿಂದ ಇಳಿಯುತ್ತ 1ರವರೆಗೆ. ಹಾಡು ನಡೆಯುವಾಗ ಅಡಿಗೆಮನೆಗೆ ಎದ್ದುಹೋಗುವವರು ಕೂಡ ಅಂಕ ಓದುವ ಹೊತ್ತಿಗೆ ಸರಿಯಾಗಿ ಬಂದು ಕೂತುಬಿಡುತ್ತಾರೆ!

ಇದೆಲ್ಲ ನನಗೆ ತಿಳಿದದ್ದು 2023ರಲ್ಲಿ, ಒಣಶುಂಠಿ, ಓಮ, ಮೆಂತ್ಯದ ಹಿಟ್ಟು ಕಟ್ಟಿಕೊಂಡು ಮಗಳ ಬಾಣಂತನಕ್ಕೆಂದು ಸ್ವೀಡನ್ನಿಗೆ ಹೋದಾಗ. ಮಗಳ ಮನೆಯ ಕೆಳಗಿನ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಹುಟ್ಟಿದ್ದು ಫಿನ್‌ಲೆಂಡಿನಲ್ಲಿ, ಮದುವೆಯಾಗಿ ಸ್ವೀಡನ್ನಿಗೆ ಬಂದು ಐವತ್ತು ವರ್ಷ. ಮಗುವಿಗೆ ಉಲ್ಲನ್ ಕಾಲುಚೀಲ ಹೆಣೆದುಕೊಟ್ಟು ಪರಿಚಯವಾದವರು. ಅವರೇ ಮೇ 13ರ ಶನಿವಾರ ರಾತ್ರಿ ನಮ್ಮನ್ನು ಹಾಡಿನ ಸ್ಪರ್ಧೆ ನೋಡಲು ಕರೆದರು. ಅಳಿಯ ಮಗುವನ್ನು ನೋಡಿಕೊಂಡರು, ನಾನೂ ಮಗಳೂ ಕೆಳಗಿಳಿದೆವು.

ಆ ವರ್ಷದ ಸ್ಪರ್ಧೆ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹಿಂದಿನ ವರ್ಷ ಗೆದ್ದದ್ದು ಯುಕ್ರೇನ್, ಆದರೆ ಅಲ್ಲಿ ಯುದ್ಧ. ಹಾಗಾಗಿ ಅವರ ಪರವಾಗಿ ಇವರು ನಡೆಸಿಕೊಟ್ಟರು. ಸ್ವೀಡನ್ನಿನ ಪರವಾಗಿ ಹಾಡಿದ್ದು ಲೊರೀನ್ ಎಂಬಾಕೆ, 2012ರಲ್ಲೇ ಒಮ್ಮೆ ಗೆದ್ದಿದ್ದವಳು. ಫಿನ್‌ಲೆಂಡಿನಿಂದ ಬಂದವನು ಕ್ಯಾರಿಯಾ. ಗಿಣಿಹಸಿರು ಬಣ್ಣದ ಉಬ್ಬಿದ ತೋಳಿನ ಅಂಗಿ ತೊಟ್ಟು, ತನ್ನ ಫಿನ್ನಿಷ್ ಭಾಷೆಯಲ್ಲೇ ಹಾಡುತ್ತ ಕುಣಿದು ಇಡೀ ಸಭೆಯನ್ನು ಎಬ್ಬಿಸಿ ನಿಲ್ಲಿಸಿದ. ಓಟು ಹಾಕುವ ಹೊತ್ತಿಗೆ ಆ ಹೆಂಗಸು ಕನ್ನಡಕ ಏರಿಸಿಕೊಂಡು ಫೋನ್ ಹಿಡಿದರು. ಸ್ವೀಡನ್ನಿನಲ್ಲಿ ಕೂತವರು ಸ್ವೀಡನ್ನಿಗೆ ಓಟು ಹಾಕುವಂತಿಲ್ಲ, ಆದರೆ ಫಿನ್‌ಲೆಂಡಿಗೆ ಹಾಕಬಹುದಲ್ಲ! ಆಗಿನ ನಿಯಮದಂತೆ ಒಬ್ಬರು 20 ಓಟು ಹಾಕಬಹುದಿತ್ತು. ಅವರು ಒಂದನ್ನೂ ಉಳಿಸಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ತಮ್ಮನಿಗೆ ಮನಿಯಾರ್ಡರ್ ಮಾಡುವ ಅಕ್ಕನ ಮುಖ ಇರುತ್ತದೆ ನೋಡಿ, ಹಾಗಿತ್ತು ಅವರ ಮುಖ.

ಅಂಕ ಎರಡು ಕಡೆಯಿಂದ ಬರುತ್ತದೆ. ಅರ್ಧ ಸಂಗೀತ ಬಲ್ಲ ತೀರ್ಪುಗಾರರಿಂದ, ಇನ್ನರ್ಧ ಜನರ ಓಟಿನಿಂದ. ತೀರ್ಪುಗಾರರು ಸ್ವೀಡನ್ನಿಗೆ 340 ಕೊಟ್ಟರು, ಫಿನ್‌ಲೆಂಡಿಗೆ 150, ಅಂದರೆ ನಾಲ್ಕನೆಯ ಸ್ಥಾನ. ಜನರ ಓಟು ಬಂದಾಗ ಅದು ತಿರುಗಾಮುರುಗಾ ಆಯಿತು: ಫಿನ್‌ಲೆಂಡಿಗೆ 376, ಸ್ವೀಡನ್ನಿಗೆ 243. ಕೂಡಿಸಿದರೆ ಸ್ವೀಡನ್ 583, ಫಿನ್‌ಲೆಂಡ್ 526. ಮಧ್ಯರಾತ್ರಿ ದಾಟಿತ್ತು. ಬೀದಿಯಲ್ಲಿ ಕೂಗು, ಸಂಭ್ರಮ. ನಾನು ಏನು ಹೇಳಲೂ ತೋಚದೆ ಆ ಹೆಂಗಸಿನ ಮುಖ ನೋಡಿದೆ. ಅವರು ಕಾಫಿ ಬಗ್ಗಿಸುತ್ತ, ‘ಜನಕ್ಕೆ ನಾವು ಮೊದಲು, ಪಂಡಿತರಿಗೆ ನಾಲ್ಕನೆಯವರು. ಎಲ್ಲಿ ಸೋತೆವೆಂದು ಗೊತ್ತಾಯಿತಲ್ಲ, ನಿದ್ದೆ ಬರುತ್ತದೆ’ ಎಂದರಂತೆ. ಮಗಳು ಹಾಗೆ ಅರ್ಥ ಹೇಳಿದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಈ ಸ್ಪರ್ಧೆಯ ಹಳೆಯ ಲೆಕ್ಕಗಳನ್ನೆಲ್ಲ ಮಗಳಿಂದ ಹುಡುಕಿಸಿ ಓದಿದೆ. ಓದಿದಷ್ಟೂ ಸ್ವಾರಸ್ಯ!

ಮೊದಲನೆಯ ವರ್ಷ ಒಳಗೆ ಕೂತು ಗುಟ್ಟಾಗಿ ಎಣಿಸಿ, ಗೆದ್ದದ್ದು ಸ್ವಿಟ್ಜರ್ಲೆಂಡ್ ಎಂದಷ್ಟೇ ಹೊರಗೆ ಬಂದು ಹೇಳಿದರು. ಯಾರಿಗೆ ಎಷ್ಟು ಅಂಕ ಎಂಬುದನ್ನು ಪ್ರಕಟಿಸಲೇ ಇಲ್ಲ. ಮುಂದಿನ ವರ್ಷದಿಂದ ಅಂಕಗಳನ್ನು ಎಲ್ಲರೆದುರು ಓದತೊಡಗಿದರು. ಆಗ ಬೇರೆ ತಕರಾರು ಬಂತು. 1963ರಲ್ಲಿ ನಾರ್ವೆಯವರು ಫೋನಿನಲ್ಲಿ ಮೊದಲು ಓದಿದ ಅಂಕ ಒಂದು, ‘ಆಮೇಲೆ ಓದಿ’ ಎಂದು ನಿಲ್ಲಿಸಿ ಮತ್ತೆ ಕೇಳಿದಾಗ ಓದಿದ್ದು ಇನ್ನೊಂದು. ಕೊನೆಗೆ ಗೆದ್ದದ್ದು ನಾರ್ವೆಯ ನೆರೆಯ ಡೆನ್ಮಾರ್ಕ್, 42 ಅಂಕ. ಸ್ವಿಟ್ಜರ್ಲೆಂಡಿಗೆ 40. 1969ರಲ್ಲಿ ನಾಲ್ಕು ದೇಶಗಳಿಗೆ ಸರಿಯಾಗಿ ಹದಿನೆಂಟು ಹದಿನೆಂಟು ಅಂಕ ಬಂತು. ಸಮ ಬಂದರೆ ಏನು ಮಾಡಬೇಕೆಂಬ ನಿಯಮವನ್ನೇ ಯಾರೂ ಬರೆದಿರಲಿಲ್ಲ. ನಾಲ್ವರೂ ಗೆದ್ದರು! ಬೇಸರಗೊಂಡ ಕೆಲವು ದೇಶಗಳು ಮರುವರ್ಷ ಬರಲೇ ಇಲ್ಲ.

ಪಂಡಿತರು ಎಷ್ಟು ಬಲ್ಲವರು ಎಂಬುದಕ್ಕೂ ಒಂದು ಕಥೆಯಿದೆ. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ವೀಡನ್ನಿನ ‘ಆಬಾ’ ತಂಡ ಗೆದ್ದಿತು. ಮುಂದೆ ಇಡೀ ಜಗತ್ತಿಗೆ ಬೇಕಾದ ತಂಡ ಅದು. ಆ ರಾತ್ರಿ ಆತಿಥೇಯ ಬ್ರಿಟನ್ನಿನ ತೀರ್ಪುಗಾರರು ಅದಕ್ಕೆ ಕೊಟ್ಟ ಅಂಕ ಎಷ್ಟು ಗೊತ್ತೇ? ಸೊನ್ನೆ.

ಹಾಗಾದರೆ ಜನರೇ ಹೇಳಲಿ ಎಂದು 1997ರಲ್ಲಿ ಐದು ದೇಶಗಳಲ್ಲಿ ಫೋನ್ ಓಟು ತಂದರು, ಮರುವರ್ಷ ಹೆಚ್ಚುಕಡಿಮೆ ಎಲ್ಲ ಕಡೆ. ಈಗ ಇನ್ನೊಂದು ರಗಳೆ. ಗ್ರೀಸ್ ಸೈಪ್ರಸ್ಸಿಗೆ 12 ಕೊಡುತ್ತದೆ, ಸೈಪ್ರಸ್ ಗ್ರೀಸಿಗೆ 12 ಕೊಡುತ್ತದೆ. ಮದುವೆಮನೆಯ ಮುಯ್ಯಿಯ ಪುಸ್ತಕ ತೆರೆದಿಟ್ಟ ಹಾಗೆ! ಜರ್ಮನಿಯಲ್ಲಿ ದುಡಿಯಲು ಹೋಗಿ ನೆಲೆಸಿದ ತುರ್ಕಿಯವರು ಫೋನ್ ಹಿಡಿದರು, ಜರ್ಮನಿಯ 12 ಅಂಕ ತುರ್ಕಿಗೆ ಹೋಯಿತು. ‘ಇದು ಹಾಡಿನ ಓಟಲ್ಲ, ನೆಂಟಸ್ತಿಕೆಯ ಓಟು’ ಎಂದು ಕೂಗು ಎದ್ದು, 2009ರಲ್ಲಿ ತೀರ್ಪುಗಾರರನ್ನು ಮರಳಿ ಕರೆತಂದು ಅರ್ಧ ಅರ್ಧ ಮಾಡಿದರು. 2016ರಲ್ಲಿ ತೀರ್ಪುಗಾರರಿಗೆ ಮೆಚ್ಚಿಕೆಯಾದದ್ದು ಅತಿಥಿಯಾಗಿ ಬಂದಿದ್ದ ಆಸ್ಟ್ರೇಲಿಯಾ, ಜನರಿಗೆ ಮೆಚ್ಚಿಕೆಯಾದದ್ದು ರಷ್ಯಾ. ಗೆದ್ದದ್ದು ಎರಡೂ ಕಡೆ ಎರಡನೆಯದಾಗಿದ್ದ ಯುಕ್ರೇನ್!

ತೀರ್ಪುಗಾರರಾದರೂ ಮುಯ್ಯಿಯಿಂದ ಹೊರಗಿದ್ದರೇ? 2022ರಲ್ಲಿ ಆರು ದೇಶಗಳ ತೀರ್ಪುಗಾರರ ಅಂಕಗಳಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಂಡ ಗುರುತು ಕಂಡು, ಆ ಅಂಕಗಳನ್ನೇ ತೆಗೆದುಹಾಕಬೇಕಾಯಿತು. ಗೆರೆ ಎಳೆದ ಹಾಗೆ ಓಟು ಕೊಟ್ಟವರು ಫೋನ್ ಹಿಡಿದ ಸಾಮಾನ್ಯ ಜನರಲ್ಲ, ಅವರನ್ನು ತಿದ್ದಲೆಂದು ಕೂರಿಸಿದ್ದ ಬಲ್ಲವರು.

2025ರಲ್ಲಿ ಬಾಸೆಲ್ ನಗರದ ಸ್ಪರ್ಧೆಯಲ್ಲಿ ಆಸ್ಟ್ರಿಯಾ 436 ಅಂಕ ಪಡೆದು ಗೆದ್ದಿತು. ಜನರ ಓಟಿನಲ್ಲಿ ಮೊದಲು ಬಂದದ್ದು ಇಸ್ರೇಲ್, 297 ಅಂಕ. ತೀರ್ಪುಗಾರರು ಅದಕ್ಕೆ ಕೊಟ್ಟದ್ದು 60. ಅಲ್ಲಿನ ಸರ್ಕಾರದ ಜಾಹೀರಾತು ಸಂಸ್ಥೆ ದುಡ್ಡು ಕೊಟ್ಟು ಓಟು ಕೇಳಿತ್ತೆಂಬ ಸಂಗತಿ ಹೊರಬಿತ್ತು. ಫಲಿತಾಂಶ ಸರಿಯಾಗಿದೆಯೆಂದು ಸ್ಪರ್ಧೆ ನಡೆಸುವ ಸಂಘ ಹೇಳಿತಾದರೂ ಅದೇ ವರ್ಷ ನಿಯಮ ಬದಲಿಸಿ, ಒಬ್ಬರಿಗಿದ್ದ 20 ಓಟುಗಳನ್ನು 10ಕ್ಕೆ ಇಳಿಸಿತು. ಡಿಸೆಂಬರಿನಲ್ಲಿ ಇಸ್ರೇಲ್ ಭಾಗವಹಿಸಬಹುದೆಂದು ತೀರ್ಮಾನವಾದಾಗ ಸ್ಪೇನ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ ದೇಶಗಳ ಸಂಸ್ಥೆಗಳು ತಾವು 2026ರ ಸ್ಪರ್ಧೆಗೆ ಬರುವುದಿಲ್ಲವೆಂದವು. ಅವರ ಮನಸ್ಸಿನಲ್ಲಿದ್ದದ್ದು ಬರೀ ಎಣಿಕೆಯ ತಕರಾರಲ್ಲ, ಗಾಜಾದ ಯುದ್ಧ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಕೆಳಗಿನ ಮನೆಯ ಆ ಹೆಂಗಸಿನ 20 ಓಟು ನೆಂಟಸ್ತಿಕೆಯ ಓಟೇ ಹೌದು. ತವರನ್ನು ಬಿಟ್ಟು ಐವತ್ತು ವರ್ಷವಾದ ಮೇಲೂ ತವರಿನ ಭಾಷೆಯ ಹಾಡು ಕೇಳಿದಾಗ ಕೈ ತಾನಾಗಿ ಫೋನಿಗೆ ಹೋದರೆ ಅದನ್ನು ಮೋಸವೆನ್ನಲು ನನಗೆ ನಾಲಿಗೆ ಬಾರದು. ನಾವೆಲ್ಲ ಒಂದಲ್ಲ ಒಂದು ತವರನ್ನು ಬಿಟ್ಟು ಬಂದವರೇ. ಜರ್ಮನಿಯ ಕಾರ್ಖಾನೆಯಲ್ಲಿ ದುಡಿದ ತುರ್ಕಿಯವನದೂ ಅದೇ ಓಟು. ಆದರೆ ತೀರ್ಪುಗಾರನೆಂಬ ಹೆಸರು ಹೊತ್ತು ಒಳಗೊಳಗೇ ಮಾತಾಡಿಕೊಳ್ಳುವುದು ಬೇರೆ. ಒಂದು ಸರ್ಕಾರ ದುಡ್ಡು ಸುರಿದು ಆ ಮಮತೆಯನ್ನು ಕೆಲಸಕ್ಕೆ ಹಚ್ಚುವುದು ಇನ್ನೂ ಬೇರೆ. ಈ ಮೂರನ್ನೂ ‘ಪಕ್ಷಪಾತ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಟ್ಟರೆ ಮಮತೆಗೂ ಮೋಸಕ್ಕೂ ಬೆಲೆ ಒಂದೇ ಆದೀತು. ಬೇರೆಬೇರೆಯಾಗಿ ಕಾಣಬೇಕಾದರೆ ಲೆಕ್ಕ ತೆರೆದಿರಬೇಕು. 2022ರ ಆರು ದೇಶದವರು ಸಿಕ್ಕಿಬಿದ್ದದ್ದು ಅಂಕಗಳನ್ನು ಒಂದೊಂದಾಗಿ ಹರಡಿ ನೋಡಲು ಸಾಧ್ಯವಿದ್ದದ್ದರಿಂದಲ್ಲವೇ?

ಲೆಕ್ಕ ಮುಚ್ಚಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ಪಿಯುಸಿಯಲ್ಲಿದ್ದಾಗ ಪಕ್ಕದ ಊರಿನಲ್ಲಿ ನಡೆದ ಭಾವಗೀತೆ ಸ್ಪರ್ಧೆಗೆ ಹೋಗಿದ್ದೆ. ಎರಡು ತಿಂಗಳು ಅಭ್ಯಾಸ ಮಾಡಿ, ಅಕ್ಕನ ರೇಷ್ಮೆ ಲಂಗ ಉಟ್ಟು ಹಾಡಿದ್ದೆ. ಸಂಜೆ ಮೂವರ ಹೆಸರು ಓದಿದರು, ನನ್ನದಿರಲಿಲ್ಲ. ಅಂಕದ ಪಟ್ಟಿ ನೋಡಬಹುದೇ ಎಂದು ಕೇಳಿದ ನಮ್ಮ ಮೇಷ್ಟರಿಗೆ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಉತ್ತರ ಸಿಕ್ಕಿತು. ನಾನು ನಾಲ್ಕನೆಯವಳೋ ನಲವತ್ತನೆಯವಳೋ? ‘ಎಲ್ಲ ಶಿಫಾರಸು’ ಎಂದರು ಅಪ್ಪ. ‘ಶ್ರುತಿ ಸಾಲದೇನೋ’ ಎಂದರು ಚಿಕ್ಕಮ್ಮ. ಇಬ್ಬರ ಮಾತನ್ನೂ ಒಪ್ಪಲು, ಅಲ್ಲಗಳೆಯಲು ನನ್ನ ಕೈಯಲ್ಲಿ ಒಂದು ಅಂಕಿಯಾದರೂ ಬೇಕಿತ್ತು. ಅದಿಲ್ಲದೆ ಹಲವು ವರ್ಷ ಎರಡು ಮಾತನ್ನೂ ಹೊತ್ತುಕೊಂಡು ತಿರುಗಿದೆ. ಆಮೇಲೆ ವೇದಿಕೆ ಹತ್ತಲಿಲ್ಲ. ದೋಸೆ ಹುಯ್ಯುವಾಗ ಹಾಡಿಕೊಂಡದ್ದೇ ಹಾಡು.

ಅದಕ್ಕೇ ನಾರ್ವೆಯ ಯಾನ್ ಟೈಗೆನ್ನನ ಕಥೆ ಓದಿದಾಗ ನನಗೆ ಅವನ ಮೇಲೆ ಸಣ್ಣ ಅಸೂಯೆ ಹುಟ್ಟಿತು. 1978ರಲ್ಲಿ ಪ್ಯಾರಿಸ್ಸಿನಲ್ಲಿ, ಯೂರೋಪಿನ ಅಷ್ಟೂ ಜನ ನೋಡುತ್ತಿರುವಾಗ, ಅವನಿಗೆ ಬಂದದ್ದು ಸೊನ್ನೆ. ಒಂದು ದೇಶವೂ ಒಂದಂಕ ಕೊಡಲಿಲ್ಲ. ಅವನು ಮನೆಗೆ ಬಂದ, ಅದೇ ಹಾಡು ನಾರ್ವೆಯಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಕಣ್ಣಿಗೆ ಕಾಣುವ ಸೊನ್ನೆಯ ಎದುರು ಜನ ಅವನ ಕೈ ಹಿಡಿದರು. ಮುಚ್ಚಿಟ್ಟ ಅಂಕದ ಎದುರು ಯಾರು ಯಾರ ಕೈ ಹಿಡಿಯಬೇಕು, ಹೇಳಿ?

ಇನ್ನು ಆಬಾ ಗೆದ್ದ ಆ 1974ರ ರಾತ್ರಿಯೇ ಪೋರ್ಚುಗಲ್ಲಿನ ಪಾವ್ಲೊ ದ ಕಾರ್ವಾಲ್ಯು ಒಂದು ಪ್ರೇಮಗೀತೆ ಹಾಡಿದ್ದ. ಬಂದದ್ದು 3 ಅಂಕ. ಅಷ್ಟೇ ಅಂಕ ಪಡೆದ ಇನ್ನೂ ಮೂರು ದೇಶಗಳ ಜೊತೆ ಪಟ್ಟಿಯ ಕೊನೆಗೆ ಬಿದ್ದಿತು. ಹದಿನೆಂಟು ದಿನ ಕಳೆದು, ಏಪ್ರಿಲ್ 24ರ ರಾತ್ರಿ, ಲಿಸ್ಬನ್ನಿನ ರೇಡಿಯೋದಲ್ಲಿ ಅದೇ ಹಾಡು ಬಂತು. ಕೇಳುತ್ತಿದ್ದ ಗೃಹಿಣಿಯರಿಗೆ ಅದೊಂದು ಪರಿಚಿತ ಹಾಡು. ಆದರೆ ಬ್ಯಾರಕ್ಕುಗಳಲ್ಲಿ ಕಾದಿದ್ದ ಸೈನಿಕರಿಗೆ ಅದು ‘ಸಿದ್ಧರಾಗಿ’ ಎಂಬ ಗುಟ್ಟಿನ ಸೂಚನೆ. ಮರುದಿನ ದಶಕಗಳ ಸರ್ವಾಧಿಕಾರ ಉರುಳಿತು, ಜನ ಸೈನಿಕರ ಬಂದೂಕಿನ ಬಾಯಿಗೆ ಹೂ ಸಿಕ್ಕಿಸಿದರು. 3 ಅಂಕದ ಹಾಡು!

ಹಾಗೆಂದು ಅಂಕವೇ ಬೇಡವೆಂದು ನಾನು ಹೇಳಲಾರೆ. ಸ್ಪರ್ಧೆ ಎಂದ ಮೇಲೆ ಎಣಿಸಲೇಬೇಕು, ಎಣಿಸಿದ್ದನ್ನು ತೋರಿಸಲೇಬೇಕು. ಆಮೇಲೆ ಹಾಡು ತನ್ನ ದಾರಿ ಹಿಡಿದು ಹೋಗುತ್ತದೆ.

ಊರಿಗೆ ಮರಳಿದ ವರ್ಷ ನಮ್ಮ ಮಹಿಳಾ ಸಮಾಜದ ಹಾಡಿನ ಸ್ಪರ್ಧೆಗೆ ನನ್ನನ್ನೂ ತೀರ್ಪಿಗೆ ಕೂರಿಸಿದರು. ಮೂವರು ತೀರ್ಪುಗಾರರು ಯಾರಿಗೆ ಎಷ್ಟು ಕೊಟ್ಟೆವೆಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸೋಣ ಎಂದೆ. ‘ಮನಸ್ತಾಪ ಬರುತ್ತದೆ ಕಣ್ರೀ’ ಎಂದರು ಕಾರ್ಯದರ್ಶಿ. ಬಂತು ಕೂಡ. ಇಬ್ಬರು ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಆದರೆ ಸಭೆ ಚದುರಿದ ಮೇಲೆ ಒಬ್ಬ ಹುಡುಗಿ ಆ ಹಾಳೆಯ ಮುಂದೆ ನಿಂತಿದ್ದನ್ನು ಕಂಡೆ. ತನ್ನ ಹೆಸರಿನ ಮೇಲೆ ಬೆರಳಿಟ್ಟು ಸಾಲಿನುದ್ದಕ್ಕೂ ಸರಿಸಿದಳು. ಸಾಹಿತ್ಯಕ್ಕೆ ಎಂಟು, ಭಾವಕ್ಕೆ ಏಳು, ತಾಳಕ್ಕೆ ಮೂರು. ‘ಓ, ತಾಳ’ ಎಂದಳು ತನ್ನಷ್ಟಕ್ಕೆ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.