ಬಿಸಿಲ ಸೀಮೆಯ ಬಣ್ಣದ ಗೋಡೆಗಳು

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ನೀರು ಕಂಡ ನೆಲ. ಅನಂತರ ಕಾಣುವುದು ಮಳೆಯ ದಾರಿ ಕಾಯುವ ನೆಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯು ಸಿಂಧನೂರಿನ ಸೀಮೆಯನ್ನು ಬತ್ತದ ಕಣಜವನ್ನಾಗಿಸಿತು. ಮಸ್ಕಿಯನ್ನು ದಾಟಿದರೆ ಗುಡ್ಡ, ಬಂಡೆ, ಎರೆಹೊಲ, ಜೋಳ, ತೊಗರಿ.

ಈ ಹಾದಿಯ ಹಳೆಯ ಮನೆಗಳು ನೆಲದ ಬಣ್ಣದವೇ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಲ್ಲೊಂದು ಇಲ್ಲೊಂದು ಬೆಳಕಿಂಡಿ. ಬಿಸಿಲಿಗೆ ಅಂಜಿ ಕಟ್ಟಿದ ಮನೆಯಲ್ಲಿ ತಂಪು ಉಂಟು, ಬೆಳಕು ಕಡಿಮೆ. ಆ ಮಬ್ಬನ್ನು ಕಳೆಯಲು ಮನೆಯ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯವೇ ಗೋಡೆಯ ಬಣ್ಣ.

ಅದಕ್ಕೆ ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ. ಮಹಾನವಮಿ ಹತ್ತಿರ ಬಂದಿತೆಂದರೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೆ ಹೋಗಿ ಮಡಿಯಾಗಿ ಬರುತ್ತವೆ. ಬರಿದಾದ ಮನೆಯಲ್ಲಿ ಮಣ್ಣು, ಸೆಗಣಿ ಕಲಸಿ ಬಿರುಕುಗಳನ್ನು ಮೆತ್ತುತ್ತಾರೆ. ಅದು ಒಣಗಿದ ಮೇಲೆ ಸುಣ್ಣ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಸುಣ್ಣದಲ್ಲಿ ಬೆರೆಸಿದರೆ ತಿಳಿಯಾದ ಆಕಾಶದ ಬಣ್ಣ. ಅರಿಸಿನ ಮಾತ್ರ ಸುಣ್ಣ ತಾಗಿದೊಡನೆ ಕೆಂಪಾಗಿಬಿಡುತ್ತದೆ. ಬಲ್ಲವರು ಆ ಕೆಂಪನ್ನೂ ಬಿಡದೆ ಬಳಸಿಕೊಳ್ಳುತ್ತಾರೆ. ಬೆರಳಿಗೆ ಸುತ್ತಿದ ಅರಿವೆಯ ಚೂರೇ ಕುಂಚ. ಚುಕ್ಕಿ, ಬಳ್ಳಿ, ಗಿಣಿ, ತೇರು, ಬಸವಣ್ಣ; ಮಗುವಿರುವ ಮನೆಯಾದರೆ ಒಂದು ತೊಟ್ಟಿಲು. ಗೆರೆ ಸೊಟ್ಟಗಾದರೆ ನಗುವವರಿಲ್ಲ. ಮುಂದಿನ ವರ್ಷ ಅದನ್ನು ತಿದ್ದಲು ಅವಕಾಶವಿದ್ದೇ ಇದೆ.

ಸಿಂಧನೂರಿನ ಸುತ್ತ ಇನ್ನೊಂದು ಬಗೆಯ ಕೈಗಳೂ ಉಂಟು. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ 1970ರ ಸುಮಾರಿಗೆ ಇಲ್ಲಿ ಪುನರ್ವಸತಿ ದೊರೆಯಿತು. ಅವರ ಊರುಗಳಿಗೆ ಇಂದಿಗೂ ‘ಕ್ಯಾಂಪ್’ ಎಂಬುದೇ ಹೆಸರು. ಬಂಗಾಳದ ಹೆಂಗಸರು ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ಬರೆಯುವ ಚಿತ್ರಕ್ಕೆ ಆಲ್ಪನಾ ಎಂದು ಹೆಸರು. ಆಶ್ವಯುಜದ ಹುಣ್ಣಿಮೆಯಂದು ಅವರಲ್ಲಿ ಲಕ್ಷ್ಮೀಪೂಜೆ. ಬಾಗಿಲಿನಿಂದ ಒಳಕ್ಕೆ ದೇವಿಯ ಪುಟ್ಟ ಹೆಜ್ಜೆಗಳನ್ನು ಬಿಡಿಸುತ್ತಾರೆ. ಕನ್ನಡದ ಒಕ್ಕಲು ಮನೆಗಳಿಗೆ ಅದೇ ದಿನ ಸೀಗೆ ಹುಣ್ಣಿಮೆ. ಒಂದೇ ಬೆಳದಿಂಗಳಿನಲ್ಲಿ ಒಬ್ಬರು ಹೊಲಕ್ಕೆ ಚರಗ ಚೆಲ್ಲುತ್ತಾರೆ, ಇನ್ನೊಬ್ಬರು ಹೊಸ್ತಿಲಿಗೆ ಹೆಜ್ಜೆ ಬರೆಯುತ್ತಾರೆ. ನೆಲೆ ತಪ್ಪಿದವರಿಗೆ ಒಂದು ಮನೆ ತಮ್ಮದೆನಿಸುವುದು ಹಕ್ಕುಪತ್ರದಿಂದ ಮಾತ್ರವಲ್ಲ. ಇಂತಹ ಬಿಳಿಯ ಗೆರೆಗಳಿಂದಲೂ ಹೌದು.

ಮಸ್ಕಿಯ ಗುಡ್ಡದಲ್ಲಿ ಮತ್ತೊಂದು ಬರಹವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಅದನ್ನು ಬಂಡೆಯ ಮೇಲೆ ಕಂಡನು. ಅದರಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ, ಬೇರೆ ಶಾಸನಗಳ ‘ದೇವಾನಾಂಪಿಯ’ನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಸಾಮ್ರಾಟನ ಮಾತು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿತು. ಇನ್ನೂ ಮುಂದೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಬಂಡೆಗಳಲ್ಲಿ ಅದಕ್ಕಿಂತಲೂ ಹಳೆಯ ಚಿತ್ರಗಳಿವೆ. ದನ ಕಾಯ್ದು ಬದುಕಿದ ನವಶಿಲಾಯುಗದ ಜನ ತಾವು ಸಾಕಿದ ಎತ್ತುಗಳನ್ನೇ ಅಲ್ಲಿ ಚಿತ್ರಿಸಿದರು. ಪುರಾತತ್ತ್ವಜ್ಞ ಆಲ್ಚಿನ್ ಅವರು ಅಲ್ಲಿ ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ಬರಿಯ ಕಲ್ಲನ್ನು ಬರಿದಾಗಿ ಬಿಡಲಾರದ ಮನಸ್ಸು ಈ ಸೀಮೆಗೆ ಹೊಸತಲ್ಲ.

ಲಿಂಗಸುಗೂರಿನ ಕಡೆಯ ಮನೆಗಳಲ್ಲಿ ಬಣ್ಣವು ಗೋಡೆಯಿಂದ ಅರಿವೆಗೂ ಇಳಿಯುತ್ತದೆ. ಇಳಕಲ್ಲು ಇಲ್ಲಿಗೆ ದೂರವಲ್ಲ. ಹರಿದ ಇಳಕಲ್ಲ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ತುಂಡು, ಅಜ್ಜನ ಧೋತರ, ಇವೆಲ್ಲ ಸೇರಿ ಕೌದಿಯಾಗುತ್ತವೆ. ಲಂಬಾಣಿ ತಾಂಡಾಗಳಲ್ಲಿ ಅರಿವೆಗೆ ಕನ್ನಡಿಯ ಬಿಲ್ಲೆ, ಕವಡೆಗಳು ಕೂಡುತ್ತವೆ. ಬಾಗಿಲಿಗೆ ಮಣಿಯ ತೋರಣ ತೂಗುತ್ತದೆ. ಬೆಳಕಿಂಡಿಯಿಂದ ಬಿದ್ದ ಒಂದು ಕೋಲು ಬಿಸಿಲು ಆ ಕನ್ನಡಿಗಳಿಗೆ ತಾಗಿದರೆ ಕತ್ತಲೆಯ ಕೋಣೆಯಲ್ಲಿ ನಕ್ಷತ್ರಗಳು ಮೂಡಿದಂತಾಗುತ್ತದೆ.

ಆದರೆ ಎಲ್ಲ ಗೋಡೆಗಳಿಗೂ ಪ್ರತಿ ವರ್ಷ ಈ ಭಾಗ್ಯವಿಲ್ಲ. ಮಳೆ ಕೈಕೊಟ್ಟ ವರ್ಷ ಒಣಭೂಮಿಯ ಊರುಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನಂತಹ ನಗರಗಳಲ್ಲಿ ಪರರ ಮನೆಗಳ ಗೋಡೆಯನ್ನು ಎಬ್ಬಿಸುವ ಕೈಗಳಿಗೆ ತಮ್ಮ ಗೋಡೆಯನ್ನು ಸಾರಿಸುವ ಬಿಡುವು ದೊರೆಯದು. ಬೀದಿಯಲ್ಲಿ ನಡೆದರೆ ಬೀಗವನ್ನು ನೋಡದೆಯೂ ಗುಳೆ ಹೋದ ಮನೆಯನ್ನು ಗುರುತಿಸಬಹುದು. ಅಲ್ಲಿ ಹೋದ ವರ್ಷದ ಸುಣ್ಣ ಹಕ್ಕಳೆಯೆದ್ದಿರುತ್ತದೆ, ಕೆಮ್ಮಣ್ಣಿನ ಪಟ್ಟಿ ಮಳೆಗೆ ಕರಗಿರುತ್ತದೆ, ಗಿಣಿಗೆ ರೆಕ್ಕೆ ಉಳಿದಿರುವುದಿಲ್ಲ. ಅಕ್ಕಪಕ್ಕದ ಮನೆಗಳು ಹಬ್ಬಕ್ಕೆ ಬೆಳ್ಳಗೆ ನಿಂತಿರುವಾಗ ಆ ಒಂದು ಗೋಡೆಯ ಮೌನ ಕಣ್ಣಿಗೆ ಚುಚ್ಚುತ್ತದೆ.

ಈಗ ಸಿಮೆಂಟಿನ ಮನೆಗಳು ಬಂದಿವೆ, ಡಬ್ಬಿಯ ಬಣ್ಣಗಳೂ ಬಂದಿವೆ. ಅವು ಹೆಚ್ಚು ಕಾಲ ಬಾಳುತ್ತವೆ, ದುಡಿಯುವ ಹೆಂಗಸಿಗೆ ಅದು ಸಣ್ಣ ಸೌಕರ್ಯವೇನಲ್ಲ. ಆದರೂ ಮಣ್ಣಿನ ಗೋಡೆಯ ಚಿತ್ರ ಹೇಳುವ ಒಂದು ಮಾತನ್ನು ಅವು ಹೇಳಲಾರವು. ಮಸ್ಕಿಯ ಶಾಸನಕ್ಕೆ ಒಮ್ಮೆ ಕೆತ್ತಿದ್ದೇ ಸಾಕಾಯಿತು. ಈ ಗೋಡೆಗಾದರೋ ಪ್ರತಿ ವರ್ಷ ಒಂದು ಕೈ ಬೇಕು. ಅದು ಹೊಸದಾಗಿ ಕಂಡರೆ ಮನೆಯವರು ಮನೆಯಲ್ಲಿದ್ದಾರೆಂದು ಅರ್ಥ.

ಗುಳೆ ಹೋದವರೂ ಹಬ್ಬಕ್ಕೆ, ಜಾತ್ರೆಗೆ ತಿರುಗಿ ಬರುವುದುಂಟು. ಬೀಗ ತೆಗೆದ ಗೃಹಿಣಿ ಗಂಟನ್ನು ಮೂಲೆಗಿಟ್ಟು, ಧೂಳು ಝಾಡಿಸಿ, ಒಲೆಯನ್ನು ಸಾರಿಸುತ್ತಾಳೆ. ಅಲ್ಲಿಗೆ ಕೆಲಸ ಮುಗಿಯಿತೆನ್ನುವಂತಿಲ್ಲ. ಗಡಿಗೆಯಲ್ಲಿ ಸುಣ್ಣ ನೆನೆಯುತ್ತಿರುತ್ತದೆ.