ಯಾವ ಮರದ ಕೆಳಗೆ?

ಹೊಸಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಒಬ್ಬ ಟೀಚರಮ್ಮ ಇದ್ದಾರೆ. ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಭಾನುವಾರ ಬೆಳಿಗ್ಗೆ ಬಿಳಿಯ ಸೀರೆಯುಟ್ಟು ಚರ್ಚಿಗೆ ಹೋಗಿ ಬರುವುದು, ಮಿಕ್ಕ ಆರು ದಿನ ಕೊಲೆಯ ಕಥೆಗಳನ್ನು ಓದುವುದು—ಇದು ಅವರ ಕ್ರಮ. ಕೊರಳಲ್ಲಿ ಶಿಲುಬೆ, ಕೈಯಲ್ಲಿ ಕೊಲೆ!

ಅಮೆರಿಕದಲ್ಲಿರುವ ಮಗಳು ಪುಸ್ತಕಗಳನ್ನು ಕಳಿಸುತ್ತಾಳೆ. ಆ ದೇಶದಲ್ಲಿ ಭಕ್ತಿಯನ್ನೂ ಪತ್ತೇದಾರಿಕೆಯನ್ನೂ ಒಂದೇ ರಟ್ಟಿನೊಳಗೆ ಹೊಲಿದ ಕಾದಂಬರಿಗಳಿಗೆ ಬೇರೆಯೇ ಪ್ರಕಾಶಕರಿದ್ದಾರೆ, ಬೇರೆಯೇ ಓದುಗರಿದ್ದಾರೆ. ಕಥೆಯ ನಾಯಕಿ ಹೆಂಗಸು. ದಾರಿ ಕಾಣದಾದಾಗ ಪ್ರಾರ್ಥಿಸುತ್ತಾಳೆ. ಕೊನೆಗೆ ಅಪರಾಧಿಯನ್ನು ಹಿಡಿಯುತ್ತಾಳೆ. ನಾನಾದರೋ ತಂದೆಯವರ ಪೆಟ್ಟಿಗೆಯಲ್ಲಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವನು. "ದೇವರೇ ಬಂದು ಕಳ್ಳನ ಹೆಸರು ಹೇಳಿಬಿಟ್ಟರೆ ಪತ್ತೇದಾರನಿಗೆ ಕೆಲಸವೇನು, ಟೀಚರಮ್ಮ?" ಎಂದು ಒಮ್ಮೆ ಕೆಣಕಿದೆ. ಅವರು ವಾದಿಸಲಿಲ್ಲ. ಒಳಗೆ ಹೋಗಿ ಅಗಾಥಾ ಕ್ರಿಸ್ಟಿಯ ಹಳೆಯ ಪುಸ್ತಕವೊಂದನ್ನು ತಂದುಕೊಟ್ಟರು.

ಅದರಲ್ಲಿ 1928ರಲ್ಲಿ ಪ್ರಕಟವಾದ ಒಂದು ಕಥೆಯಿದೆ. ಹೆಸರು 'ದಿ ಥಂಬ್ ಮಾರ್ಕ್ ಆಫ್ ಸೇಂಟ್ ಪೀಟರ್'. ಮಿಸ್ ಮಾರ್ಪಲ್ ಎಂಬ ಹಳ್ಳಿಯ ಅವಿವಾಹಿತ ಮುದುಕಿಯ ಸೋದರಸೊಸೆ ವಿಧವೆಯಾಗುತ್ತಾಳೆ. ಗಂಡನಿಗೆ ಇವಳೇ ವಿಷವಿಕ್ಕಿದಳೆಂದು ಊರೆಲ್ಲ ಗುಸುಗುಸು. ಸಾಯುವ ಮುನ್ನ ಅವನೇನೋ ಮೀನಿನ ಮಾತಾಡಿದನೆಂದು ಕೆಲಸದವರು ಹೇಳುತ್ತಾರೆ. ಮುದುಕಿಗೆ ಏನೂ ಹೊಳೆಯದು. ನಡುಬೀದಿಯಲ್ಲೇ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ. ಕಣ್ಣು ತೆರೆದರೆ ಎದುರಿಗೆ ಮೀನಂಗಡಿ! ಹ್ಯಾಡಕ್ ಎಂಬ ಮೀನಿನ ಮೈಮೇಲಿನ ಕಪ್ಪು ಮಚ್ಚೆ ಸಂತ ಪೇತ್ರನ ಹೆಬ್ಬೆರಳಿನ ಗುರುತೆಂದು ಅಲ್ಲಿನ ಜನರ ನಂಬಿಕೆ. ಅದನ್ನು ನೋಡಿದ ಮುದುಕಿ ಆ ಮಾತಿನ ಬೆನ್ನು ಹತ್ತುತ್ತಾಳೆ. ಕೆಲಸದವರ ಕಿವಿಗೆ ಮೀನಾಗಿ ಕೇಳಿಸಿದ್ದು ಪೈಲೋಕಾರ್ಪಿನ್ ಎಂಬ ಮದ್ದಿನ ಹೆಸರು. ಕಾರ್ಪ್ ಎಂದರೆ ನಮ್ಮ ತುಂಗಭದ್ರಾ ಜಲಾಶಯದ ಕಾಟ್ಲಾ, ರೋಹುಗಳ ಕುಲದ ಮೀನು. ಸಾಯುತ್ತಿದ್ದವನು ತನಗೆ ಬಿದ್ದ ವಿಷಕ್ಕೆ ಪ್ರತಿವಿಷವನ್ನು ಬೇಡುತ್ತಿದ್ದ. ವಿಷವಿಕ್ಕಿದವರು ಯಾರೆಂದು ಹೇಳಿದರೆ ಮುಂದೆ ಓದುವವರು ನನ್ನನ್ನು ಶಪಿಸಿಯಾರು.

"ಮೀನಂಗಡಿ ಎದುರಾದದ್ದು ಕಾಕತಾಳೀಯ" ಎಂದೆ.

"ಆಗಲಿ ಮೇಷ್ಟ್ರೇ. ಊರೆಲ್ಲಾ ಕೊಲೆಗಾರ್ತಿ ಅಂದಾಗ ಆಕೇನ ನಂಬಿ ಹೊರಟಳಲ್ಲ, ಅದೂ ಕಾಕತಾಳೀಯವೇ?"

ಆಮೇಲೆ ಅವರು ಸುಸನ್ನಳ ಕಥೆ ಹೇಳಿದರು. ಕಥೋಲಿಕರ ಬೈಬಲಿನಲ್ಲಿ ಇದು ದಾನಿಯೇಲನ ಗ್ರಂಥದ 13ನೆಯ ಅಧ್ಯಾಯ. ಪ್ರಾಟೆಸ್ಟೆಂಟರ ಬೈಬಲಿನ ಆ ಗ್ರಂಥದಲ್ಲಿ ಇಲ್ಲ. ತಮಗೆ ಒಲಿಯದ ಹೆಂಗಸಿನ ಮೇಲೆ ಇಬ್ಬರು ಹಿರಿಯರು, ಅದೂ ನ್ಯಾಯಾಧೀಶರು, ವ್ಯಭಿಚಾರದ ಆರೋಪ ಹೊರಿಸುತ್ತಾರೆ. ತೋಟದ ಮರದ ಕೆಳಗೆ ಯುವಕನೊಬ್ಬನೊಡನೆ ಇದ್ದುದನ್ನು ಕಣ್ಣಾರೆ ಕಂಡೆವೆಂಬ ಸಾಕ್ಷ್ಯ. ಮರಣದಂಡನೆಯಾಗುತ್ತದೆ. ಅವಳು ದೇವರಿಗೆ ಮೊರೆಯಿಡುತ್ತಾಳೆ. ಆಗ ದೇವರು ಆಕಾಶವಾಣಿಯನ್ನೇನೂ ಕೊಡಲಿಲ್ಲ. ದಾನಿಯೇಲನೆಂಬ ಹುಡುಗನನ್ನು ಎಬ್ಬಿಸಿದ. ಅವನು ಆ ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಒಂದೇ ಪ್ರಶ್ನೆ ಕೇಳಿದ: ಯಾವ ಮರದ ಕೆಳಗೆ? ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಮತ್ತೊಂದು.

ನನಗೆ ನಮ್ಮ ಕಂಪ್ಲಿ ನೆನಪಾಯಿತು. ತರಗತಿಯಲ್ಲಿ ನಂಜುಂಡ ಕವಿಯ ಕುಮಾರರಾಮನ ಕಥೆಯನ್ನು ಪಾಠ ಹೇಳುವವನು ನಾನು. ಚೆಂಡು ತರಲು ಹೋದ ಹುಡುಗನನ್ನು ಮಲತಾಯಿ ರತ್ನಾಜಿ ಬಯಸುತ್ತಾಳೆ. ಅವನು ಒಲ್ಲೆನೆಂದಾಗ ಅವನ ಮೇಲೆಯೇ ದೂರುತ್ತಾಳೆ. ಕಂಪಿಲರಾಯ ಮಗನ ತಲೆ ತರುವಂತೆ ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸಿದ್ದರಿಂದ ಪ್ರಾಣ ಉಳಿಯಿತು. ಟೀಚರಮ್ಮ ಕೇಳಿ ತಲೆಯಾಡಿಸಿದರು. "ಮಂತ್ರಿ ಜಾಣ. ಆದರೆ ಚೆಂಡು ಎಲ್ಲಿ ಬಿದ್ದಿತ್ತು ಅಂತ ಯಾರೂ ಕೇಳಲಿಲ್ಲವೇ?" ಇಷ್ಟು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಇದು ಬರಿಯ ಸಾಹಿತ್ಯದ ಮಾತಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಕಳೆದ ವರ್ಷ ಸಂಡೂರಿನಲ್ಲಿ ನೆಂಟರ ಮದುವೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಬೀರುವಿನಲ್ಲಿ ಹೆಂಡತಿಯ ಚಿನ್ನದ ಸರವಿಲ್ಲ. ಬೀಗ ಹಾಗೆಯೇ ಇದೆ. ನಮ್ಮಲ್ಲಿ ಪಾತ್ರೆ ತೊಳೆಯುವವಳು ಕಂಪ್ಲಿ ಕಡೆಯವಳು, ಏಳು ವರ್ಷದಿಂದ ಬರುತ್ತಿದ್ದವಳು. ನೀನು ಕದ್ದೆ ಎಂದು ನಾನು ಹೇಳಲಿಲ್ಲ, ನಾನು ಎಂ.ಎ. ಓದಿದವನು. "ನಾವು ಹೊರಡೋ ದಿನ ಒಳಗಿನ ಕೋಣೆ ಗುಡಿಸಿದೆಯೇನಮ್ಮ?" ಎಂದಷ್ಟೇ ಕೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಪೊರಕೆಯನ್ನು ಮೂಲೆಗಿಟ್ಟು ಹೊರಟುಹೋದಳು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿತ್ತು.

ಆರನೆಯ ದಿನ ಟೀಚರಮ್ಮ ಬಂದರು. ಕುಳಿತು ಒಂದು ಗಳಿಗೆ ಕಣ್ಣು ಮುಚ್ಚಿದರು. ನನಗೆ ಒಳಗೊಳಗೇ ನಗು. ಕಣ್ಣು ಬಿಟ್ಟು ಕೇಳಿದರು: "ಬೀರುವಿಗೆ ಬೀಗ ಹಾಕಿದವರು ಯಾರು?"

"ನಾನೇ."

"ಹಾಕುವಾಗ ಸರ ಒಳಗಿತ್ತೇ?"

ಇರಲಿಲ್ಲ. ಬೀರು ಕಳ್ಳರಿಗೆ ಮೊದಲು ಕಾಣುತ್ತದೆಂದು ಹೊರಡುವ ಗಡಿಬಿಡಿಯಲ್ಲಿ ಸರವನ್ನು ಕರವಸ್ತ್ರದಲ್ಲಿ ಸುತ್ತಿ ಅಕ್ಕಿಯ ಡಬ್ಬದ ತಳಕ್ಕೆ ತುರುಕಿದವನು ನಾನೇ. ಈಗ ಹೋಗಿ ಕೈಹಾಕಿದರೆ ಹಾಗೆಯೇ ಇತ್ತು.

ಅವಳ ಮನೆಗೆ ಹೋದೆ. "ಸಿಕ್ತಲ್ಲ ಸಾರ್, ಬಿಡ್ರಿ" ಎಂದು ಚಹಾ ಕೊಟ್ಟಳು. ಕೆಲಸಕ್ಕೆ ಬರಲಿಲ್ಲ. ಈಗ ಟೀಚರಮ್ಮನ ಮನೆಯಲ್ಲಿದ್ದಾಳೆ. ನಾನು ಪುಸ್ತಕ ಕೇಳಲು ಹೋದಾಗಲೆಲ್ಲ ಕುರ್ಚಿಯನ್ನು ಒರೆಸಿ ಹಾಕಿ, ಮಾತಾಡದೆ ಒಳಗೆ ಹೋಗುತ್ತಾಳೆ.