ಗಾಳಿಯ ಅಪ್ಪಣೆ

ನಮ್ಮಲ್ಲಿ ಮಾಗಿಯ ಚಳಿ ಬಿದ್ದಾಗ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಬೇಸಿಗೆ. ವಿಹಾರದ ಹಡಗುಗಳು ಬರುವ ಕಾಲವೂ ಅದೇ. ಅಲ್ಲಿನ ರಾಜಧಾನಿ ಸ್ಟ್ಯಾನ್ಲಿ ನಮ್ಮ ಲೆಕ್ಕದಲ್ಲಿ ಒಂದು ಹಳ್ಳಿ. 2021ರ ಜನಗಣತಿಯ ವೇಳೆಗೆ ಊರಲ್ಲಿದ್ದವರು ಮೂರು ಸಾವಿರದ ಆಸುಪಾಸು. ದೊಡ್ಡದೊಂದು ಹಡಗು ಬಂತೆಂದರೆ ಇನ್ನೊಂದು ಸ್ಟ್ಯಾನ್ಲಿಯೇ ಬಾಗಿಲಿಗೆ ಬಂದ ಹಾಗೆ!

ಇಂಥ ಹಡಗುಗಳು ದಡ ಮುಟ್ಟುವುದಿಲ್ಲ. ದೂರದಲ್ಲೇ ಲಂಗರು ಹಾಕುತ್ತವೆ. ಜನ ಸಣ್ಣ ದೋಣಿಗಳಲ್ಲಿ ಜೆಟ್ಟಿಗೆ ಬರಬೇಕು. ಹೆಚ್ಚು ನಡೆಯಲಾರದವರಿಗೆ ಹತ್ತಿರದಲ್ಲೇ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ಇದೆ. ಅದರ ಪಕ್ಕದ ಕಮಾನು ಕಲ್ಲಿನದಲ್ಲ, ನೀಲಿ ತಿಮಿಂಗಿಲಗಳ ದವಡೆಯ ಎಲುಬಿನದು, 1933ರಲ್ಲಿ ನಿಲ್ಲಿಸಿದ್ದು. ಉಳಿದವರ ಕಣ್ಣೆಲ್ಲ ವಾಲಂಟಿಯರ್ ಪಾಯಿಂಟ್‌ನ ಕಿಂಗ್ ಪೆಂಗ್ವಿನ್‌ಗಳ ಮೇಲೆ. ಅಲ್ಲಿಗೆ ಹೋಗಲು ಜೀಪಿನಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಕೊನೆಯ ಭಾಗದಲ್ಲಿ ರಸ್ತೆಯೇ ಇಲ್ಲ, ಜೌಗು ನೆಲ. ಜೀಪು ಓಡಿಸುವವರು ಊರಿನವರೇ. ಪೆಂಗ್ವಿನ್ ನೋಡುತ್ತ ಮೈಮರೆತವರನ್ನು ಕೊನೆಯ ದೋಣಿಯ ಹೊತ್ತಿಗೆ ಜೆಟ್ಟಿಗೆ ಮುಟ್ಟಿಸುವ ಹೊಣೆಯೂ ಅವರದೇ.

ಆದರೆ ಇಷ್ಟೆಲ್ಲ ನಡೆಯಬೇಕಾದರೆ ಗಾಳಿ ಒಪ್ಪಬೇಕು. ಅದು ಜೋರಾದರೆ ದೋಣಿ ಇಳಿಸುವಂತಿಲ್ಲ. ಕಪ್ತಾನ ರೇಡಿಯೋದಲ್ಲಿ ‘ಆಗದು’ ಎಂದರೆ ಮುಗಿಯಿತು. ದ್ವೀಪಗಳ ಖಜಾನೆ ತುಂಬುವುದು ಮುಖ್ಯವಾಗಿ ಮೀನುಗಾರಿಕೆಯ ಪರವಾನಗಿಗಳಿಂದ, ನಿಜ. ಜೀಪಿಗೆ ಪೆಟ್ರೋಲು ತುಂಬಿಸಿ ಕಾದವನಿಗೆ, ನೂರಾರು ಜನಕ್ಕೆಂದು ಕೇಕು ಬೇಯಿಸಿಟ್ಟವಳಿಗೆ ಆ ಲೆಕ್ಕದಿಂದ ಏನು ಸಮಾಧಾನ? ಬೇಸಿಗೆಯ ನಾಲ್ಕೈದು ತಿಂಗಳಲ್ಲೇ ಅವರ ದುಡಿಮೆ.

ಅಂಥ ದಿನ ಹಡಗು ಸ್ವಲ್ಪ ಹೊತ್ತು ಕಾದು, ಲಂಗರು ಎತ್ತಿ ಹೊರಟುಬಿಡುತ್ತದೆ. ಕೇಕು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತದೆ.